ತಂತಿಯಿಲ್ಲದ ಗುಂಡಿ

ಅಕ್ಟೋಬರ್ ಕೊನೆಗೇ ನೆಲ ಕಲ್ಲಾಗುವ ಊರು ಇದು,
ಮಿನ್ನೆಸೋಟಾದ ಬಡಗಣ ತುದಿ.
ಗಣಿ ಮುಚ್ಚಿ, ನೀರು ನಿಂತು, ಕೆಂಪು ಕೆರೆಯಾಗಿದೆ.
ಕೆರೆಯ ದಡಕ್ಕೆ ಕಾಲೇಜು,
ಕಾಲೇಜಿನ ಹೊಟ್ಟೆಯಲ್ಲಿ ಬಾಯ್ಲರು,
ಬಾಯ್ಲರಿನ ಪಕ್ಕ ನಾನು, ಆರ್ವಿಡ್ ಲಹ್ತಿನೆನ್,
ಇಪ್ಪತ್ತಾರು ಚಳಿಗಾಲ.

ಈ ಸಲವೂ ಬಂತು ಪ್ರಶ್ನಾವಳಿ:
"ನಿಮ್ಮ ಕೆಲಸದ ಜಾಗದ ಹವೆ ಹೇಗಿದೆ?
ಒಂದರಿಂದ ಐದರೊಳಗೆ ಗುರುತು ಹಾಕಿ."
ಅವರು ಹವೆ ಅಂದರು, ನನಗೆ ಗೊತ್ತಿರುವುದು ಹಬೆ.
ಗ್ರಂಥಾಲಯ ಅರವತ್ತೆಂಟು ಡಿಗ್ರಿ,
ವೆಲ್ಡಿಂಗ್ ಶೆಡ್ಡು ಐವತ್ತೊಂದು,
ಅಧ್ಯಕ್ಷರ ಕೋಣೆ ಎಪ್ಪತ್ತೆರಡು, ಅವರು ಇರಲಿ, ಇಲ್ಲದಿರಲಿ.
ಇದಕ್ಕೆ ಐದರೊಳಗೆ ಎಷ್ಟು ಕೊಡಲಿ?

ಒಂದು ಗುಟ್ಟು.
ಎರಡನೇ ಮಹಡಿಯ ಗೋಡೆಗಳಲ್ಲಿ
ಶಾಖ ಏರಿಸುವ, ಇಳಿಸುವ ಗುಂಡಿಗಳಿವೆಯಲ್ಲ,
ಅವು ಯಾವ ತಂತಿಗೂ ಸೇರಿಲ್ಲ.
ತಿರುಗಿಸಿದರೆ ಟಕ್ ಅನ್ನುತ್ತವೆ, ಅಷ್ಟೇ.
ಕೂರಿಸಿದವನು ನಾನೇ, ಸೇರಿದ ಮೊದಲ ವರ್ಷ.
"ತಿರುಗಿಸಲಿ ಬಿಡಪ್ಪ, ಒಂದು ಸಮಾಧಾನ," ಅಂದಿದ್ದರು ಮೇಲಿನವರು.
ಮೂಗಿಗೆ ತುಪ್ಪ. ಸವರಿದ ಬೆರಳು ನನ್ನದು.

ಇನ್ನೂರ ಹನ್ನೆರಡರಲ್ಲಿ ಬರವಣಿಗೆ ಕಲಿಸುವ ಮಿಲ್ಕಾ ಜುಪಾನ್
ದಿನಾ ಬೆಳಿಗ್ಗೆ ಗುಂಡಿ ತಿರುಗಿಸಿ, ಕೈ ಉಜ್ಜಿಕೊಂಡು,
"ಈಗ ಪರವಾಗಿಲ್ಲ, ಅಲ್ವಾ ಮಕ್ಕಳೇ?" ಅನ್ನುತ್ತಾಳೆ.
ಮಕ್ಕಳೆಂದರೆ ಮಕ್ಕಳಲ್ಲ,
ಗಣಿ ಕಳೆದುಕೊಂಡ ಐವತ್ತರ ಗಂಡಸರು,
ರಾತ್ರಿ ಪಾಳಿಯ ಕಣ್ಣಿನ ಆಯಾಗಳು.
ಅವರೂ ಕೋಟು ಬಿಚ್ಚದೆ ಹೂಂ ಅನ್ನುತ್ತಾರೆ.
ಮಿಲ್ಕಾಗೆ ಕೋಣೆಯಿಲ್ಲ, ಮೇಜಿಲ್ಲ.
ಹದಿನಾಲ್ಕು ವರ್ಷದಿಂದ ಅವಳ ಕಚೇರಿ ಕಾರಿನ ಡಿಕ್ಕಿ:
ತಿದ್ದಬೇಕಾದ ಪ್ರಬಂಧ, ಹಿಮ ತೋಡುವ ಸಲಿಕೆ.
ಸೆಮಿಸ್ಟರಿಗೊಂದು ಹೊಸ ಕರಾರು, ಅದೇ ಹಳೇ ಸಂಬಳ.

ಹೋದ ವರ್ಷದ ಪ್ರಶ್ನಾವಳಿಯ ಫಲ
ತಲೆಗೊಂದು ಕಾಫಿ ಮಗ್ಗು,
"ನಾವೆಲ್ಲ ಒಂದೇ ಕುಟುಂಬ" ಎಂದು ಬರೆದದ್ದು.
ನನ್ನದರಲ್ಲಿ ಸ್ಕ್ರೂ ಇಟ್ಟಿದ್ದೇನೆ.
ಶುಲ್ಕದ ಕಿಟಕಿಯ ಜೆನೀವ್ ದುಫೋ ಕೇಳಿದಳು,
"ಕುಟುಂಬವಾದರೆ ಅಧ್ಯಕ್ಷರು ನನ್ನನ್ನು
ಜೇನೆಟ್ ಅಂತ ಯಾಕೆ ಕರೆಯುತ್ತಾರೆ?"
ಮೆಲ್ಲಗೆ ಕೇಳಿದಳು. ಇಲ್ಲಿ ಎಲ್ಲರೂ ಮೆಲ್ಲಗೇ.
ಆದರೆ ಕೊಳವೆಗಳ ಕಟ್ಟಡದಲ್ಲಿ ಮಾತು ಕೆಳಗಿಳಿಯುತ್ತದೆ;
ಯಾರು ಸ್ಟೋರಿನೊಳಗೆ ಅತ್ತರು,
ಯಾರನ್ನು ಸಭೆಗೆ ಕರೆಯದೆ ಬಿಟ್ಟರು,
ಎಲ್ಲವೂ ಕಬ್ಬಿಣ ಹಿಡಿದು ನನ್ನ ತನಕ ಬರುತ್ತದೆ,
ಬೆಚ್ಚಗೆ.

ಕೊನೆಯ ಪುಟದ ಖಾಲಿ ಚೌಕದಲ್ಲಿ ಬರೆದೆ.
ಹೆಸರು ಬೇಡ ಅಂದಿದ್ದರು, ಹೆಸರನ್ನೂ ಬರೆದೆ:
"ಎರಡನೇ ಮಹಡಿಯ ಗುಂಡಿಗಳಿಗೆ ತಂತಿಯಿಲ್ಲ.
ಕೂರಿಸಿದವನು ನಾನು. ಲಹ್ತಿನೆನ್."

ಮೂರು ವಾರ ಸದ್ದಿಲ್ಲ.
ನಾಲ್ಕನೆಯದರಲ್ಲಿ ಮೆಟ್ಟಿಲಿಳಿದು ಬಂದರು ಹೊಸ ಡೀನು,
ಒಡೆಸ್ಸಾ ಪ್ರೂಯಿಟ್, ಜಾರ್ಜಿಯಾದ ಸೆಕೆಯಲ್ಲಿ ಬೆಳೆದವರು,
ಎರಡು ಸ್ವೆಟರಿನ ಮೇಲೊಂದು ಕೋಟು.
ಬೋರಲು ಬಕೆಟ್ಟಿನ ಮೇಲೆ ಕೂತರು.
"ನನ್ನ ಕೋಣೆಯದಕ್ಕೂ ಇಲ್ಲವೇ?"
"ಇಲ್ಲ."
ಬಹಳ ಹೊತ್ತು ನಕ್ಕರು, ಆಮೇಲೆ ನಗಲಿಲ್ಲ.
"ಹನ್ನೆರಡಕ್ಕೂ ಎಳೆದರೆ ಎಷ್ಟಾಗುತ್ತದೆ?"
ಹೇಳಿದೆ.
"ಅಷ್ಟು ನನ್ನ ಕೈಯಲ್ಲಿಲ್ಲ. ಒಂದಕ್ಕೆ?"

ಜನವರಿಯ ಶನಿವಾರ ಗೋಡೆ ಕೊರೆದೆ.
ಟಾರ್ಚು ಹಿಡಿದವರು ಡೀನು, ಕೈ ನಡುಗುತ್ತಿತ್ತು, ಬೆಳಕೂ.
ಉಳಿದ ಹನ್ನೊಂದರ ಮೇಲೆ ಅವರದೇ ಕೈಬರಹದ ಚೀಟಿ:
"ಇದು ಕೆಲಸ ಮಾಡುವುದಿಲ್ಲ. ಹಿಂದೆಯೂ ಮಾಡಿಲ್ಲ."

ಆ ಚೀಟಿ ಓದಿ ಜನ ಬೈದರು ನೋಡಿ!
ಕಾರಿಡಾರಿನಲ್ಲಿ, ಸಭೆಯಲ್ಲಿ, ಅಧ್ಯಕ್ಷರ ಎದುರಿಗೇ,
ಬೂದಿ ಕೆದರಿದ ಹಾಗೆ.
ನನಗೂ ಬಿತ್ತು, ಬೀಳಬೇಕಾದ್ದೇ.
ಜೆನೀವ್ ತನ್ನ ಹೆಸರಿನಿಂದ ಶುರು ಮಾಡಿದಳು,
ಒಂದೊಂದೇ ಅಕ್ಷರ ಬಿಡಿಸಿ.

ಅದಕ್ಕೂ ಮೊದಲು, ಆ ಸೋಮವಾರ,
ಮಿಲ್ಕಾ ರೂಢಿಯಂತೆ ತಿರುಗಿಸಿದಳು, ಕೈ ಉಜ್ಜಿದಳು,
"ಈಗ ಪರವಾಗಿ" ಅನ್ನುವಷ್ಟರಲ್ಲಿ
ಗೋಡೆಯೊಳಗೆ ಹಬೆ ಕೆಮ್ಮಿತಂತೆ.
ಕೆಳಗೆ, ನನ್ನ ಫಲಕದಲ್ಲಿ,
ಇಪ್ಪತ್ತಾರು ವರ್ಷ ಮಲಗಿದ್ದ ಮುಳ್ಳೊಂದು
ಕೂದಲೆಳೆಯಷ್ಟು ಅಲುಗಿತು.

ಅವಳ ಪುಸ್ತಕಗಳು ಇನ್ನೂ ಡಿಕ್ಕಿಯಲ್ಲೇ ಇವೆ.
ಚೌಕ ಚಿಕ್ಕದು.
ಮುಂದಿನ ಸಲ ಹಾಳೆಯ ಹಿಂಬದಿಗೂ ಬರೆಯುತ್ತೇನೆ.